ಹುತ್ತದ ಮಣ್ಣು, ನನ್ನ ಮಂಡಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಹೇಳದೆ ಬೇರೆ ಮಾತು ಶುರು ಮಾಡಲು ಈಚೆಗೆ ನನಗೆ ಬರುವುದೇ ಇಲ್ಲ. ಹಾಲಿನವನಿಗೆ ಹೇಳಿದ್ದೇನೆ, ಗ್ಯಾಸ್ ಸಿಲಿಂಡರ್ ತಂದವನಿಗೆ ಹೇಳಿದ್ದೇನೆ, ಸಾಲ ಬೇಕಾ ಮೇಡಂ ಎಂದು ಫೋನ್ ಮಾಡಿದ ಹುಡುಗಿಗೂ ಮಗುವಿನ ಮೂಗು, ಕಿವಿ, ಕಿರುಬೆರಳಿನವರೆಗೆ ವರ್ಣಿಸಿದ್ದೇನೆ. ಪಾಪ, ಕೊನೆಗೆ ಅವಳೇ ಫೋನ್ ಇಟ್ಟಳು. ಇಷ್ಟು ಸಂತೋಷ ಕೊಟ್ಟ ದೇವರು ಒಂದು ಜೊತೆ ಒಳ್ಳೆಯ ಮಂಡಿಯನ್ನೂ ಕೊಟ್ಟಿದ್ದರೆ ನಾನು ಮಣ್ಣಿನ ತಂಟೆಗೆ ಹೋಗುತ್ತಿರಲಿಲ್ಲ.

ನಮ್ಮಲ್ಲಿ ಕೂಸಿಗೆ ಎರೆಯುವುದೆಂದರೆ ಅಜ್ಜಿಯ ಕೆಲಸ. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಸೀರೆಯನ್ನು ಮಂಡಿಗೆ ಏರಿಸಿ, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರು ಹುಯ್ಯಬೇಕು. ನನ್ನ ಮಗಳು ಸುಧಾಳಿಗೆ ನನ್ನಮ್ಮ ಎರೆದದ್ದು ಹಾಗೆಯೇ. ಈಗ ಸುಧಾ ಬಾಣಂತನಕ್ಕೆಂದು ಜಾಲಹಳ್ಳಿಯ ನಮ್ಮ ಮನೆಗೆ ಬಂದಳು, ಅವಳ ಹಿಂದೆಯೇ ಗುಲಾಬಿ ಬಣ್ಣದ ಒಂದು ಪ್ಲಾಸ್ಟಿಕ್ ಟಬ್ಬೂ ಬಂತು. ನೆಲದ ಮೇಲೆ ಕೂರಬೇಡಿ ಎಂದು ಡಾಕ್ಟರು ನನಗೆ ಹೇಳಿದ್ದನ್ನು ನಮ್ಮ ಯಜಮಾನರು ಅವಳ ಕಿವಿಗೆ ಹಾಕಿಬಿಟ್ಟಿದ್ದರು. ಕಾರ್ಖಾನೆಯಿಂದ ರಿಟೈರಾದ ಮೇಲೆ ಅವರಿಗೆ ಇದೇ ಡ್ಯೂಟಿ. "ನೀನು ಕುರ್ಚೀಲಿ ಕೂತು ನೋಡ್ತಿರಮ್ಮ ಸಾಕು," ಎಂದಳು ಮಗಳು. ಕುರ್ಚಿಯಲ್ಲಿ ಕೂತು ನೋಡಲು ನಾನೇನು ಮೀಟಿಂಗಿಗೆ ಬಂದವಳೇ? ನನ್ನ ಬಂಗಾರದಂಥ ಕೂಸು, ತೊಳೆಯಲು ನೆನೆಹಾಕಿದ ಸೌತೆಕಾಯಿಯಂತೆ ಟಬ್ಬಿನಲ್ಲಿ ಮಲಗಿರುವುದನ್ನು ನೋಡಿ ಹೊಟ್ಟೆ ಉರಿದುಹೋಯಿತು. ಈ ಮಂಡಿಗಳನ್ನು ನೆಲಕ್ಕೆ ಕೂರಿಸದೆ ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಪಕ್ಕದ ಬೀದಿಯ ಪದ್ಮಕ್ಕ ಪ್ರಕೃತಿ ಚಿಕಿತ್ಸೆಗೆ ಹೋಗಿ ಮೈತುಂಬ ಮಣ್ಣು ಮೆತ್ತಿಸಿಕೊಂಡು ಬಂದವಳು. ಮಂಡಿ ಹೂವಿನ ಹಾಗೆ ಹಗುರಾಯಿತು ಎನ್ನುತ್ತಾಳೆ. ಆದರೆ ಅಲ್ಲಿ ಕಾಫಿ ಕೊಡುವುದಿಲ್ಲವಂತೆ. ಮಣ್ಣು ಮೆತ್ತಿಸಿಕೊಳ್ಳಲು ನನ್ನದೇನೂ ಅಡ್ಡಿ ಇಲ್ಲ, ಕಾಫಿ ಬಿಡುವ ಮಾತು ಮಾತ್ರ ಬೇಡ. ಮನೆಯಲ್ಲೇ ಮಾಡಿಕೊಂಡರಾಯಿತು ಎಂದು ಹೊರಟರೆ ಮಣ್ಣೇ ಸಿಗದು. ಬೀದಿಗೆಲ್ಲ ಕಾಂಕ್ರೀಟು. ಕಾರ್ಖಾನೆಗಳಿರುವ ಪೀಣ್ಯದ ಕಡೆಯ ಮಣ್ಣು ಮುಟ್ಟಿದರೆ ಬೆರಳಿಗೆ ಗ್ರೀಸು. ನರ್ಸರಿಯವರ ಮಣ್ಣಿನಲ್ಲಿ ಗೊಬ್ಬರ. ಹಚ್ಚಿಕೊಂಡು ಮಂಡಿಯಲ್ಲಿ ಟೊಮೇಟೊ ಬಿಟ್ಟರೆ ಯಾರು ಜವಾಬ್ದಾರಿ? ಹುತ್ತದ ಮಣ್ಣಾದರೆ ಬಹಳ ಒಳ್ಳೆಯದು ಎಂದಳು ಪದ್ಮಕ್ಕ. ಹುತ್ತ ಎಂದರೆ ಇಡೀ ಬಡಾವಣೆಗೆ ಅರಳಿಕಟ್ಟೆಯ ಹತ್ತಿರ ಇರುವುದೊಂದೇ. ಶುಕ್ರವಾರ ಬಂದರೆ ಹೆಂಗಸರೆಲ್ಲ ಹಾಲೆರೆದು, ಅರಿಶಿನ ಸುರಿದು ಪೂಜೆ ಮಾಡುವ ಹುತ್ತ. ನಾಗಪ್ಪನಿಗೆ ಕೈಮುಗಿದು, ಮೊಮ್ಮಗಳ ವಿಷಯ ವಿವರವಾಗಿ ತಿಳಿಸಿ, ಬುಡದಲ್ಲಿ ಉದುರಿದ್ದ ಮಣ್ಣನ್ನು ಮಾತ್ರ ಸೆರಗಿಗೆ ತುಂಬಿಕೊಂಡು ಬಂದೆ.

"ಏನೇ ಇದು, ನಾಗಪ್ಪ ಅಡ್ರೆಸ್ ಕೇಳ್ಕೊಂಡು ಮನೆಗೇ ಬಂದ್ರೆ?" ಎಂದರು ಯಜಮಾನರು.

"ಬರ್ಲಿ ಬಿಡಿ, ಮಗೂನ ನೋಡ್ಕೊಂಡು ಹೋಗ್ತಾನೆ," ಎಂದೆ.

ಮಣ್ಣನ್ನು ಜರಡಿ ಹಿಡಿದು, ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ಎರಡೂ ಮಂಡಿಗೆ ದಪ್ಪಗೆ ಮೆತ್ತಿಕೊಂಡು ತಾರಸಿಯ ಬಿಸಿಲಲ್ಲಿ ಕೂತೆ. ತಣ್ಣಗೆ, ಹಿತವಾಗಿ, ಕಣ್ಣೇ ಎಳೆಯುವಂತಿತ್ತು. ಒಣಗಿ ಬಿರುಕು ಬಿಟ್ಟ ಮೇಲೆ ಕೆಳಗಿಳಿದು ಬಚ್ಚಲಲ್ಲಿ ನಿಂತು, ಮಣ್ಣು ಬಿಡಲಿ ಎಂದು ಬಟ್ಟೆ ಸೋಪು ಹಾಕಿ ಉಜ್ಜಿದೆ. ಉಜ್ಜಿದರೆ ಏನು ನೋಡುವುದು, ಮಂಡಿಯಿಂದ ಪಾದದವರೆಗೆ ಕೆಂಪು ಇಳಿಯುತ್ತಿದೆ. ನಾನು ಕೂಗಿದ ಕೂಗಿಗೆ ಸುಧಾ ಓಡಿಬಂದು ರಕ್ತ ಎಂದು ಬಾಗಿಲು ಹಿಡಿದು ನಿಂತಳು. ಯಜಮಾನರು ಸ್ಕೂಟರಿನ ಕೀ ಹುಡುಕಿದರು. ನಾಗಪ್ಪನಿಗೆ ಸಿಟ್ಟು ಬಂದಿದೆ ಎಂದು ನಾನಂತೂ ನಿಂತಲ್ಲೇ ಹಾಲಿನ ಅಭಿಷೇಕಕ್ಕೆ ಹರಕೆ ಹೊತ್ತುಬಿಟ್ಟೆ. ಹೊತ್ತ ಮೇಲೆ ಬುದ್ಧಿ ಬಂತು. ಮಣ್ಣಲ್ಲಿದ್ದದ್ದು ಪೂಜೆಯ ಅರಿಶಿನ, ಮೇಲೆ ಹಾಕಿದ್ದು ಸೋಪು. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆಂದು ಜನ್ಮವೆಲ್ಲ ಸೀರೆ ಒಗೆದವಳಿಗೆ ಹೊಳೆಯಬಾರದೇ? ಹರಕೆ ಮಾತ್ರ ವಾಪಸು ತೆಗೆದುಕೊಳ್ಳುವಂತಿಲ್ಲ.

ಸುಧಾ ನಕ್ಕಳು. ಹೊಟ್ಟೆಯ ಹೊಲಿಗೆ ನೋಯುತ್ತದೆ ಎಂದು ಕೈಯಲ್ಲಿ ಒತ್ತಿ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಕೆಂಪು ಕಾಲುಗಳ ಮೇಲೆ ಒಂದು ಚೊಂಬು ನೀರು ಹುಯ್ದಳು.

"ಎರೆಯೋಕೆ ಅಂತ ಇಷ್ಟೆಲ್ಲ ಮಾಡ್ಕೊಂಡ್ಯೇನಮ್ಮ? ನಾಳೆ ನೀನೇ ಎರಿ. ನಾನು ಪಕ್ಕದಲ್ಲೇ ಇರ್ತೀನಿ."

ಮಾರನೆಯ ಬೆಳಿಗ್ಗೆ ಗೋಡೆ ಹಿಡಿದು ಇಳಿದೆ, ಮಣೆಯ ಮೇಲೆ ಕೂತೆ, ಕಾಲು ಚಾಚಿದೆ. ಮಣ್ಣಿನ ಮಹಿಮೆಯೋ ನನ್ನ ಹಟವೋ, ಮಂಡಿ ಚಕಾರ ಎತ್ತಲಿಲ್ಲ. ಡಾಕ್ಟರು ಬೇಕಾದರೆ ಬಂದು ನೋಡಿಕೊಳ್ಳಲಿ. ಎಣ್ಣೆ ಮೆತ್ತಿದ ಆ ಪುಟ್ಟ ಮೈ ನನ್ನ ಕಾಲ ಮೇಲೆ ಬಿದ್ದದ್ದೇ ನನಗೆ ಮಾತು ನಿಂತುಹೋಯಿತು. ಈ ಮನೆಯಲ್ಲಿ ಇದು ಮೊದಲ ಸಲ ಎಂದು ಯಜಮಾನರು ಗಮನಿಸಿದರು. ಕೂಸು ಒಂದಿಷ್ಟೂ ಅಳದೆ ನನ್ನನ್ನೇ ನೋಡುತ್ತ ಎರೆಸಿಕೊಂಡಿತು. ಸುಧಾ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು, ಹೊಗೆ ಹಾಕಿದಳು, ಹಾಲು ಕುಡಿಸಿದಳು, ಮಲಗಿಸಿದಳು. ನಾನು ಮಾತ್ರ ಬಚ್ಚಲಲ್ಲೇ ಇದ್ದೆ. ಕೂರುವ ವಿಷಯವನ್ನಷ್ಟೇ ಯೋಚಿಸಿದ್ದೆ, ಏಳುವ ವಿಷಯ ಮನಸ್ಸಿಗೇ ಬಂದಿರಲಿಲ್ಲ.

ಯಜಮಾನರು ಬಾಗಿಲಲ್ಲಿ ಇಣುಕಿ, ಎತ್ತಲು ಪಕ್ಕದ ಮನೆಯವರನ್ನು ಕರೆಯಲೇ ಎಂದು ಕೇಳಿದರು.

"ಯಾಕೆ ಕರೀತೀರಾ? ನಾಳೆ ಬೆಳಿಗ್ಗೆ ಮತ್ತೆ ಎರೆಯೋದಿದೆ. ಇಲ್ಲೇ ಇರ್ತೀನಿ, ಒಂದು ಲೋಟ ಕಾಫಿ ತನ್ನಿ," ಎಂದೆ.