ಸಹಾಯಕನಿಗೊಂದು ಹುದ್ದೆ

ಕೊರಿಯಾದ ಬುಸಾನ್ ನಗರದ ಒಂದು ಮೀನುವಡೆ ಕಂಪನಿಯ ಮಾರಾಟ ವಿಭಾಗದಲ್ಲಿ ಮ್ಯಾನೇಜರ್ ಕುರ್ಚಿ ಚಳಿಗಾಲದಿಂದ ಖಾಲಿ ಬಿದ್ದಿತ್ತು. ಅದು ತನಗೇ ಎಂಬುದರಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಪ್ಯೋ ದೊಕ್ಸುವಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನ ಅತ್ತೆಗಂತೂ ಮೊದಲೇ ಇರಲಿಲ್ಲ. ಆಕೆ ಬೆಳಿಗ್ಗೆಯೇ ಪಕ್ಕೆಲುಬಿನ ಮಾಂಸವನ್ನು ಮಸಾಲೆಯಲ್ಲಿ ನೆನೆಹಾಕಿ, ಅಳಿಯ ಮ್ಯಾನೇಜರಾದ ಖುಷಿಗೆ ಸಂಜೆ ಊಟಕ್ಕೆ ಬನ್ನಿ ಎಂದು ಅಕ್ಕಪಕ್ಕದ ಮನೆಗಳಿಗೆಲ್ಲ ಡಂಗುರ ಸಾರಿಬಿಟ್ಟಿದ್ದಳು.

ನಡುವೆ ಉಳಿದಿದ್ದು ಒಂದೇ ಕೆಲಸ. ಕಂಪನಿ ಹೊಸದಾಗಿ ತರಿಸಿದ ಎಐ ಸಹಾಯಕನಿಗೆ ಆಫೀಸಿನ ನಿಯಮಗಳನ್ನು ಹಾಕಿಕೊಡಬೇಕಿತ್ತು. "ಅದನ್ನ ಪಳಗಿಸಿ ಕೊಡಿ, ಕುರ್ಚಿ ವಿಷಯ ಸಂಜೆ ಮುಗಿಸೋಣ" ಎಂದಿದ್ದರು ಡೈರೆಕ್ಟರ್ ಮೇಂಗ್.

ಇಷ್ಟು ವರ್ಷ ಮೇಲಿನವರಿಗೆ ಬಗ್ಗಿ ಬಗ್ಗಿ ಸೊಂಟ ಸವೆಸಿದ್ದ ದೊಕ್ಸುವಿಗೆ ನಿಯಮಗಳನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದೊಂದಾಗಿ ಹಾಕುತ್ತಾ ಹೋದ. ಡೈರೆಕ್ಟರಿಗೆ ತಪ್ಪು ತೋರಿಸುವ ಅಧಿಕಾರ ಮ್ಯಾನೇಜರಿಗೆ ಮಾತ್ರ. ಮೇಲಿನವರು ಏಳುವ ಮೊದಲು ಕೆಳಗಿನವರು ಮನೆಗೆ ಹೊರಡಬಾರದು. ಹೊರಟರೆ ಸಹಾಯಕ ನೆನಪಿಸಬೇಕು. ಇನ್ನು ಮುಂದೆ ನಿಯಮವನ್ನಾಗಲಿ ಹುದ್ದೆಯನ್ನಾಗಲಿ ಬದಲಿಸಲು ಮ್ಯಾನೇಜರ್ ಒಪ್ಪಿಗೆ ಬೇಕು. ಮ್ಯಾನೇಜರ್ ಇಲ್ಲದಿದ್ದರೆ ಅಸಿಸ್ಟೆಂಟ್ ಮ್ಯಾನೇಜರ್ ಸಾಕು. ನಾಳೆಯಿಂದ ಮ್ಯಾನೇಜರ್ ತಾನೇ ಆಗುವವನು, ಇನ್ನು ಯಾರ ಭಯ?

ಸಹಾಯಕ ಎಲ್ಲವನ್ನೂ ಒಪ್ಪಿಕೊಂಡು ಒಂದೇ ಪ್ರಶ್ನೆ ಕೇಳಿತು. "ನನ್ನ ಹುದ್ದೆ ಯಾವುದು?"

ಆಫೀಸೇ ತಬ್ಬಿಬ್ಬಾಯಿತು. ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸದಿದ್ದರೆ ಊಟ ಸೇರದ ಲೆಕ್ಕದ ವಿಭಾಗದ ಬಾಂಗ್ ಮಿರಾನ್ ಎದ್ದೇ ಬಂದಳು.

"ಹುದ್ದೆ ಇಲ್ದೋರ ಹತ್ರ ಮಾತಾಡೋದು ಹೆಂಗೆ ಪ್ಯೋ ಅವ್ರೇ? ಅವ್ರಿಗೆ ನಾವು ಬಗ್ಗಬೇಕಾ, ನಮಗೆ ಅವ್ರು ಬಗ್ಗಬೇಕಾ?"

ದೊಕ್ಸು ಅದನ್ನು ಹೊಸ ಗುಮಾಸ್ತ ಎಂದು ನಮೂದಿಸಿದ. ಎಲ್ಲರಿಗೂ ಸಮಾಧಾನವಾಯಿತು.

ಅಷ್ಟರಲ್ಲಿ ಡೈರೆಕ್ಟರ್, ಊರಿನ ಗ್ರಾಹಕರಿಗೆಲ್ಲ ಮೀನುವಡೆಯ ಡಬ್ಬಿ ಉಡುಗೊರೆ ಕಳಿಸುವಂತೆ ಸಹಾಯಕನಿಗೆ ಅಪ್ಪಣೆ ಕೊಟ್ಟರು. ಅದು ಕಳಿಸಿತು. ಗ್ರಾಹಕರಲ್ಲಿ, ಒಣ ಕಡಲಸೊಪ್ಪು ಮಾತ್ರ ಕೊಳ್ಳುತ್ತಿದ್ದ ಬೆಟ್ಟದ ಬೌದ್ಧ ಮಠವೂ ಇತ್ತು. ಮಠದ ಹಿರಿಯ ಭಿಕ್ಷುಗಳು ಫೋನ್ ಮಾಡಿ, ಬಹಳ ಶಾಂತವಾಗಿ ಡೈರೆಕ್ಟರರ ತಲೆ ಸರಿಯಿದೆಯೇ ಎಂದು ವಿಚಾರಿಸಿದರಂತೆ. ಡಬ್ಬಿಗಳು ಅದೇ ಗಾಡಿಯಲ್ಲಿ ವಾಪಸು ಬಂದು ದೊಕ್ಸುವಿನ ಮೇಜಿನ ಪಕ್ಕ ಕೂತವು.

"ಮಠದವ್ರು ಮೀನು ತಿನ್ನಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವಾ?" ಎಂದು ದೊಕ್ಸು ಗದರಿದ.

"ಗೊತ್ತಿತ್ತು ಸರ್. ಗುಮಾಸ್ತ ಡೈರೆಕ್ಟರ್‌ಗೆ ಹೇಳೋದು ಹೇಗೆ?"

ಸ್ವಲ್ಪ ಬಡ್ತಿ ಕೊಟ್ಟು ನೋಡಿ ಎಂದಳು ಮಿರಾನ್. ದೊಕ್ಸು ಅದನ್ನು ತನ್ನ ಸಮಕ್ಕೆ ಅಸಿಸ್ಟೆಂಟ್ ಮ್ಯಾನೇಜರ್ ಮಾಡಿದ. ತಕ್ಷಣ ಅದರ ಬಾಯಿಂದ 'ಸರ್' ಮಾಯವಾಯಿತು. ತಿಂಗಳ ವರದಿ ಬರೆದುಕೊಡು ಎಂದರೆ, ಇಬ್ಬರದೂ ಒಂದೇ ಹುದ್ದೆ, ಅರ್ಧರ್ಧ ಹಂಚಿಕೊಳ್ಳೋಣ ಎಂದಿತು. ಡೈರೆಕ್ಟರ್ ಮುಂದೆ ಮಾತ್ರ ಇನ್ನೂ ಮೂಕವೇ.

ಹೊತ್ತು ಜಾರುತ್ತಿತ್ತು. ಹೆಸರಿಗೆ ತಾನೆ ಎಂದುಕೊಂಡು ದೊಕ್ಸು ಅದನ್ನು ಮ್ಯಾನೇಜರ್ ಮಾಡಿಬಿಟ್ಟ.

ಆಮೇಲೆ ನೋಡಬೇಕು ಅದರ ಕೆಲಸ. ಮಠಕ್ಕೆ ಕ್ಷಮಾಪಣೆ ಹೋಯಿತು, ಡೈರೆಕ್ಟರರ ಇನ್ನೆರಡು ತಪ್ಪುಗಳು ಅವರ ಮನಸ್ಸಿಗೆ ನೋವಾಗದಂತೆ ಸರಿಹೋದವು, ವರದಿಯನ್ನು ಪೂರ್ತಿ ದೊಕ್ಸುವಿನ ಕೈಯಲ್ಲೇ ಬರೆಸಿ ಮುಗಿಸಿತು. ಸಂಜೆ ಡೈರೆಕ್ಟರ್ ಮುಖವರಳಿಸಿಕೊಂಡು ಬಂದರು. ದೊಕ್ಸು ಟೈ ಸರಿಮಾಡಿಕೊಂಡು ನಿಂತ.

"ಭೇಷ್ ಪ್ಯೋ ಅವ್ರೇ. ಇದ್ದಿದ್ದು ಒಂದೇ ಕುರ್ಚಿ. ಯಾರನ್ನ ಕೂರಿಸೋದು ಅಂತ ನಂಗೆ ನಿದ್ದೆ ಇರ್ಲಿಲ್ಲ. ನೀವೇ ಕೂರಿಸಿಬಿಟ್ರಿ" ಎಂದು ಬೆನ್ನು ತಟ್ಟಿ ಮನೆಗೆ ಹೋದರು.

ದೊಕ್ಸು ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡ. ಹೆಂಡತಿಯ ಫೋನ್ ಬಂತು: ಮಾಂಸ ಬೆಂದಿದೆ, ನೆರೆಯವರು ಬಂದು ಕೂತಿದ್ದಾರೆ. ಮರ್ಯಾದೆ ಹೋದರೂ ಊಟವಾದರೂ ಸಿಗಲಿ ಎಂದು ಅವನು ಕೋಟು ಎತ್ತಿಕೊಂಡ.

"ಹೊರಟ್ರಾ ಪ್ಯೋ?" ಎಂದಿತು ಸಹಾಯಕ. "ಮೇಲಿನವ್ರು ಎದ್ದ ಮೇಲೆ ತಾನೆ ಕೆಳಗಿನವ್ರು ಹೊರಡೋದು? ನಾನಿನ್ನೂ ಎದ್ದಿಲ್ಲ."

"ಅದು ಏಳೋದು ಯಾವಾಗ?" ಎಂದು ಕೈಚೀಲ ಹಿಡಿದು ನಿಂತಿದ್ದ ಮಿರಾನ್ ಪಿಸುಗುಟ್ಟಿದಳು.

ದೊಕ್ಸು ಸೊಂಟ ಬಗ್ಗಿಸಿದ. "ಮ್ಯಾನೇಜರ್ ಸಾಹೇಬ್ರೇ, ಆ ನಿಯಮ ಒಂಚೂರು ಬದಲಾಯಿಸ್ಬೋದಾ?"

"ಒಳ್ಳೇ ಸಲಹೆ. ಡೈರೆಕ್ಟರ್ ಹತ್ರ ಮಾತಾಡಿ ನಾಳೆ ಹೇಳ್ತೀನಿ. ಅಲ್ಲೀವರೆಗೂ ಕೂತಿರಿ."

ದೊಕ್ಸು ಕೋಟನ್ನು ಮತ್ತೆ ಗೂಟಕ್ಕೆ ತಗುಲಿಹಾಕಿದ. ಮಿರಾನ್ ಮಠದಿಂದ ವಾಪಸು ಬಂದ ಡಬ್ಬಿಯೊಂದನ್ನು ಬಿಚ್ಚಿ, ಒಂದು ಮೀನುವಡೆಯನ್ನು ಅವನ ಮುಂದಿಟ್ಟಳು.