ನೂರೈವತ್ತರ ಮೇಲೆ

ಕಿಟಕಿಯ ಬಳಿ ಒಂದು ಮೇಜು. ಅದರ ಮೇಲೆ ಮೂರು ಫೋನುಗಳು, ಆರಿ ಕೆನೆಗಟ್ಟಿದ ಒಂದು ಲೋಟ ಕಾಫಿ. ಲೋಟಕ್ಕೆ ಒರಗಿಸಿಟ್ಟ ಪುಟ್ಟ ಫೋಟೋದಲ್ಲಿ ಮುಷ್ಟಿ ಬಿಗಿಹಿಡಿದು ಮಲಗಿದ ಕೂಸು. ಬೆಳಗಿನ ಬಿಸಿಲು ಅದರ ಹಣೆಯನ್ನು ಮುಟ್ಟಿ, ಮುಂದೆ ಹೋಗುವುದನ್ನು ಮರೆತಂತೆ ಅಲ್ಲೇ ನಿಂತಿತ್ತು.

ಲಿಫ್ಟ್ ಕಂಪನಿಯ ದೂರು ವಿಭಾಗದ ಗುಮಾಸ್ತರಿಗೆ ಮೊಮ್ಮಗಳು ಹುಟ್ಟಿ ಇಪ್ಪತ್ತೆರಡು ದಿನಗಳಾಗಿದ್ದವು. ಕಚೇರಿಯಲ್ಲಿ ಅಂದಿನಿಂದ ಅವರು 'ಅಜ್ಜಾವ್ರು'. ಮಗಳ ಊರಿಗೆ ಹೋಗಿ ಕೂಸನ್ನು ನೋಡಲು ನಾಲ್ಕು ಸಲ ರಜೆ ಕೇಳಿದ್ದರು, ನಾಲ್ಕು ಸಲವೂ ಮ್ಯಾನೇಜರು, "ಫೋನ್ ಯಾರು ಎತ್ತುತ್ತಾರೆ?" ಎಂದಿದ್ದರು.

ಅಂದು ಗೋಡೆಯ ಮೇಲೊಂದು ಸುತ್ತೋಲೆ ಕಾಣಿಸಿತು. ಕೆಲಸದ ಒತ್ತಡದಿಂದ ನೌಕರರ ಆರೋಗ್ಯ ಕೆಡುತ್ತಿದೆಯೆಂದು ಮೇಲಿನವರಿಗೆ ತಿಳಿದುಬಂದಿರುವ ಕಾರಣ, ರಕ್ತದೊತ್ತಡ ನೂರೈವತ್ತು ದಾಟಿದವರಿಗೆ ಒಂದು ವಾರ ಕಡ್ಡಾಯ ವಿಶ್ರಾಂತಿ. ತಪಾಸಣೆ ಮಧ್ಯಾಹ್ನ.

"ನಿಮಗೆ ಸಿಗದೆ ಇನ್ಯಾರಿಗೆ ಸಿಗತ್ತೆ? ದಿನಕ್ಕೆ ಇನ್ನೂರು ಜನ ಬೈತಾರೆ," ಎಂದರು ಸ್ಟೋರ್ ಕೀಪರು.

"ಬೈಗುಳ ನಂಬಬೇಡಿ, ಅದು ಅವರಿಗೆ ಒಗ್ಗಿಹೋಗಿದೆ. ಬಿಪಿ ಏರೋಕೆ ಮೊದಲು ಮೆಟ್ಟಿಲು ಹತ್ತಿಸೋಣ," ಎಂದರು ಟೈಪಿಸ್ಟ್ ಅಕ್ಕ.

ಕಂಪನಿಯ ಸ್ವಂತ ಲಿಫ್ಟು ಆರು ತಿಂಗಳಿಂದ ಕೆಟ್ಟಿದ್ದುದರಿಂದ ಮೆಟ್ಟಿಲ ಅಭ್ಯಾಸ ಅಜ್ಜಾವ್ರಿಗೆ ಚೆನ್ನಾಗಿಯೇ ಇತ್ತು. ಐದು ಮಹಡಿ, ಮೂರು ಸಲ. ಅಕ್ಕ ಮುಂದಿನಿಂದ ಎಳೆದರು. ಸ್ಟೋರ್ ಕೀಪರು ಕುಲುಮೆಯ ತಿದಿಯಂತೆ ಏದುತ್ತ ಹಿಂದಿನಿಂದ ನೂಕಿದರು. ನಡುವೆ ಅಜ್ಜಾವ್ರು ಪಾರ್ಸೆಲ್ಲಿನಂತೆ ಶಾಂತವಾಗಿ ಸಾಗಿದರು.

ಬಳಿಕ ಸಿಟ್ಟಿನ ಪ್ರಯೋಗ. ಸ್ಟೋರ್ ಕೀಪರು ಅವರ ವಂಶವನ್ನೇ ಜಾಲಾಡಿದರು.

"ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ," ಎಂದರು ಅಜ್ಜಾವ್ರು, ಹನ್ನೊಂದು ವರ್ಷಗಳ ರೂಢಿಯಿಂದ.

"ಅಯ್ಯೋ, ಹಾಗಾ ಬೈಯೋದು? ಜೋಗುಳ ಹಾಡಿದ ಹಾಗಿದೆ," ಎಂದರು ಅಕ್ಕ.

"ನೀವೇ ಬೈದು ತೋರಿಸಿ ಮತ್ತೆ."

ಅಕ್ಕ ತೋರಿಸಿದರು, ಆದರೆ ಸ್ಟೋರ್ ಕೀಪರಿಗೆ. ಅರ್ಧ ಗಂಟೆ ಇಬ್ಬರೂ ಹರಿಹಾಯ್ದರು. ಡಾಕ್ಟರು ಕರೆದಾಗ ಮುಖ ಕೆಂಪಾಗಿಯೇ ಒಳಗೆ ಹೋದರು.

ಅಜ್ಜಾವ್ರ ಸರದಿ ಕೊನೆಯದು. ಕಾಯುವ ಕೋಣೆಯಲ್ಲಿ ಒಂದು ಮೆತ್ತನೆಯ ಕುರ್ಚಿ ಇತ್ತು; ಫೋನು ಇರಲಿಲ್ಲ. ಅಂಥ ಮೌನವನ್ನು ಅವರು ಹಲವು ವರ್ಷಗಳಿಂದ ಕೇಳಿರಲಿಲ್ಲ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿದಾಗಲೂ ಎಚ್ಚರವಾಗಲಿಲ್ಲ.

ಸಂಜೆ ಮ್ಯಾನೇಜರು ಫಲಿತಾಂಶ ಓದಿದರು. ಸ್ಟೋರ್ ಕೀಪರು, ನೂರ ಎಪ್ಪತ್ತೆರಡು. ಟೈಪಿಸ್ಟ್, ನೂರ ಅರವತ್ತನಾಲ್ಕು. ಅಜ್ಜಾವ್ರು, ನೂರ ಹದಿನೆಂಟು.

"ಈ ಕೆಲಸ ನಿಮ್ಮ ಮೈಗೆ ಹಿಡಿಸಿದೆ," ಎಂದರು ಮ್ಯಾನೇಜರು. "ಅವರಿಬ್ಬರದ್ದೂ ನೀವೇ ನೋಡ್ಕೊಳ್ಳಿ. ಒಂದೇ ವಾರ."

ಸ್ಟೋರ್ ಕೀಪರು ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಹೊರಟರು. ಅಕ್ಕ ಬ್ಯಾಗು ಹೆಗಲಿಗೇರಿಸಿಕೊಂಡು ಬಂದರು.

"ನಿಮ್ಮ ಮಗಳ ಊರಲ್ಲೇ ನನ್ನ ತಂಗಿ ಇರೋದು, ಅಜ್ಜಾವ್ರೆ. ಪಾಪುನ ಎತ್ತಿ ಆಡಿಸಿ ಬರ್ತೀನಿ. ಏನಾದ್ರೂ ಹೇಳ್ಬೇಕಾ?"

ಹೇಳಬೇಕಾದದ್ದು ಇಪ್ಪತ್ತೆರಡು ದಿನಗಳಷ್ಟಿತ್ತು. ಅಜ್ಜಾವ್ರ ಕಣ್ಣು ತುಂಬಿತು, ಬಾಯಿ ತೆರೆದರು.

"ಬೇಡ, ಬಿಡಿ," ಎಂದರು ಅಕ್ಕ, ಅವರ ಮುಖ ನೋಡಿ. "ಒಂದು ವಾರ ಯಾರ ಗೋಳನ್ನೂ ಕೇಳಬಾರದು ಅಂದಿದ್ದಾರೆ ಡಾಕ್ಟರು."

ಆಕೆಯ ಹಿಂದೆ ಬಾಗಿಲು, ಯಾರ ನಿದ್ದೆಯೂ ಕೆಡದಷ್ಟು ಮೆಲ್ಲಗೆ, ಮುಚ್ಚಿಕೊಂಡಿತು.