ಲಾಮರ್ಟ್ ನೆಟ್ಟ ಕಂಬ

"ಈ ಸಲ ನಿಮ್ಮಮ್ಮನ ಹುಟ್ಟುಹಬ್ಬಕ್ಕೆ ಯಾರೂ ಕುರ್ಚಿಗೆ ಅಂಟ್ಕೊಂಡು ಕೂರೋ ಹಾಗಿಲ್ಲ. ಎಲ್ಲಾರನ್ನೂ ನಡೆಸ್ತೀನಿ."

ಲಾಮರ್ಟ್ ಹೀಗೆ ಘೋಷಿಸಿದಾಗ ಅವನ ಹೆಂಡತಿ ರೂಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ. ಗಂಡನ ಒಂದೊಂದು ಘೋಷಣೆಗೂ ಚಾಕು ಕೆಳಗಿಟ್ಟಿದ್ದರೆ ಮೂವತ್ತು ವರ್ಷಗಳಲ್ಲಿ ಆ ಮನೆಯಲ್ಲಿ ಒಂದೇ ಒಂದು ಆಲೂಗಡ್ಡೆಯೂ ಬೇಯುತ್ತಿರಲಿಲ್ಲ.

ಆದರೆ ಲಾಮರ್ಟನ ಸಿಟ್ಟಿನಲ್ಲಿ ನ್ಯಾಯವಿತ್ತು. ಡ್ರೆಂಟೆ ಸೀಮೆಯಲ್ಲಿ ಹುಟ್ಟುಹಬ್ಬವೆಂದರೆ ನಡುಮನೆಯಲ್ಲಿ ಕುರ್ಚಿಗಳನ್ನು ದುಂಡಗೆ ಜೋಡಿಸುವುದು. ಬಂದವರು ಆ ದಿನ ಹುಟ್ಟಿದವರಿಗೂ ಹುಟ್ಟದವರಿಗೂ ಒಂದೇ ಸಮ ಅಭಿನಂದನೆ ಹೇಳಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಮುಗಿಯಿತು. ಒಂದು ಲೋಟ ಕಾಫಿ, ಒಂದು ತುಂಡು ಸೇಬಿನ ಕೇಕು. ಆಮೇಲೆ ಯಾರ ಸೊಂಟಕ್ಕೆ ಯಾವ ಡಾಕ್ಟರು ಏನು ಮಾಡಿದರು ಎಂಬ ಪುರಾಣ. ಆ ವೃತ್ತದಲ್ಲಿ ಕೂತು ಕೂತೇ ಲಾಮರ್ಟನ ಕೂದಲು ಉದುರಿದ್ದು ಎಂದು ಅವನೇ ಹೇಳುತ್ತಾನೆ.

ಅತ್ತೆ ಅಲೀಡಾಗೆ ಎಂಬತ್ತು ತುಂಬುವುದರಲ್ಲಿತ್ತು. ಬಯಲು ದಾಟಿ ಪ್ಯಾನ್‌ಕೇಕ್ ಹೋಟೆಲಿಗೆ ನಡೆದು ಹೋಗುವ ಅಳಿಯನ ಯೋಜನೆಯನ್ನು ಆಕೆ ಕಣ್ಣು ಕಿರಿದಾಗಿಸಿ ಕೇಳಿದರು. ಮದುವೆಯಾದ ಹೊಸತರಲ್ಲಿ ಇದೇ ಅಳಿಯ ಅವರ ಅಡುಗೆಮನೆಗೆ ಒಂದು ಹಲಗೆ ಬಡಿದುಕೊಟ್ಟಿದ್ದ. ಅದು ಪೂರ್ತಿ ಒಂದು ರಾತ್ರಿ ಗೋಡೆಯ ಮೇಲಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಹಲಗೆಯೂ ನೆಲದಲ್ಲಿ, ಅವರ ತವರಿನ ಪಿಂಗಾಣಿಯೂ ನೆಲದಲ್ಲಿ. ಅಂದಿನಿಂದ ಇಂದಿನವರೆಗೆ ಅಳಿಯನ ಕೆಲಸಕ್ಕೆ ಆಕೆಯ ಬಾಯಿಂದ ಒಂದು ಮೆಚ್ಚುಗೆಯ ಮಾತು ಉದುರಿರಲಿಲ್ಲ. ಪಿಂಗಾಣಿ ಮಾತ್ರ ಉದುರಿದ್ದು.

"ಆಗಲಿ. ಒಂದು ಗಂಟೆಗೆ ನಾನು ಪ್ಯಾನ್‌ಕೇಕ್ ಮುಂದೆ ಕೂತಿರಬೇಕು. ಕೂತಿರಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ನನ್ನ ಹುಟ್ಟುಹಬ್ಬ ಬೆರೆಂಡ್ ನೋಡ್ಕೋತಾನೆ" ಎಂದರು.

ಬೆರೆಂಡ್ ಎಂದರೆ ಲಾಮರ್ಟನ ಷಡ್ಡಕ. ಕಾಲಿಂಗ್ ಬೆಲ್ ಒತ್ತಿದರೆ ಅದು ಕೂಡ ಒಂದು ಕ್ಷಣ ಹೆಚ್ಚು ಗೌರವದಿಂದ ಸದ್ದು ಮಾಡುವಂಥ ಮನುಷ್ಯ. ಅವನಿಗೆ ಸೋಲುವುದಕ್ಕಿಂತ ಲಾಮರ್ಟ್ ಸಮುದ್ರಕ್ಕೆ ಹಾರಿಯಾನು.

ಆದರೆ ಸೋಲುವ ಮಾತೆಲ್ಲಿ ಬಂತು? ಕುರಿದೊಡ್ಡಿಯ ಬಳಿಯಿಂದ ಹೀದರ್ ಪೊದೆಗಳ ಬಯಲನ್ನು ಸೀಳಿಕೊಂಡು ಸೀದಾ ಪ್ಯಾನ್‌ಕೇಕ್ ಹೋಟೆಲಿಗೆ ಹೋಗುವ ಹಾದಿ ಅದು. ಕೆಲಸದಿಂದ ನಿವೃತ್ತನಾದ ಮೇಲೆ ಲಾಮರ್ಟ್ ಆ ರಕ್ಷಿತ ಬಯಲಿನ ಸ್ವಯಂಸೇವಕನಾಗಿದ್ದ. ಎದೆಗೆ ಬಿಲ್ಲೆ ಸಿಕ್ಕಿಸಿದ ಹಸಿರು ಕೋಟು ಹಾಕಿಕೊಂಡರೆ ಹೀದರ್ ಕೂಡ ಅವನ ಅಪ್ಪಣೆ ಕೇಳಿ ಹೂ ಬಿಡಬೇಕು. ಹಾದಿಯ ಎರಡೂ ತುದಿಗೆ ಒಂದೊಂದು ಓಕ್ ಕಂಬ ನೆಟ್ಟವನು ಅವನೇ. ಹಲಗೆಯ ಅವಮಾನ ತೊಳೆಯಲೋ ಎಂಬಂತೆ ಎಷ್ಟು ಆಳ ತೋಡಿದನೆಂದರೆ, ಇನ್ನೊಂದು ಗೇಣು ಹೋಗಿದ್ದರೆ ನ್ಯೂಜಿಲೆಂಡಿನವರು ದೂರು ಕೊಡುತ್ತಿದ್ದರು. ಒಂದೊಂದು ಕಂಬದ ಮೇಲೂ ಎರಡೆರಡು ಫಲಕ: 'ಹಾದಿ ಬಿಟ್ಟು ಇಳಿಯಬೇಡಿ, ಹಕ್ಕಿಗಳು ನೆಲದಲ್ಲಿ ಗೂಡು ಕಟ್ಟಿವೆ.' ಅದರ ಕೆಳಗೆ, 'ದನಗಳಿಂದ ಇಪ್ಪತ್ತೈದು ಮೀಟರ್ ದೂರವಿರಿ.'

ಮೇ ತಿಂಗಳ ಆ ಭಾನುವಾರ ಉಳಿದ ನೆಂಟರೆಲ್ಲ ಕಾರಿನಲ್ಲಿ ನೇರ ಹೋಟೆಲಿಗೆ ಹೋದರು. ಬಯಲಿಗಿಳಿದವರು ನಾಲ್ವರು: ಮುಂದೆ ಬೂಟಿನ ಸದ್ದಿನೊಂದಿಗೆ ಲಾಮರ್ಟ್, ಹಿಂದೆ ನಾಲ್ಕು ಚಕ್ರದ ವಾಕರ್ ತಳ್ಳುತ್ತ ಅತ್ತೆ, ಅವರ ಪಕ್ಕದಲ್ಲಿ ಕಾಫಿಯ ಫ್ಲಾಸ್ಕು ಹಿಡಿದ ರೂಲಿ, ಕೊನೆಯಲ್ಲಿ ಬೆರೆಂಡ್. "ಅತ್ತೆಗೆ ಜೊತೆಯಾಗ್ಲಿ ಅಂತ ಬಂದೆ" ಎಂದ ಬೆರೆಂಡ್. ಬಂದದ್ದು ಯಾಕೆಂದು ಲಾಮರ್ಟನಿಗೆ ಗೊತ್ತಿತ್ತು.

ಮೊದಲ ಕಂಬ ಕಂಡಿತು. ಕಂಬಕ್ಕೆ ಒಂದು ಹಸು ಒರಗಿಕೊಂಡಿತ್ತು.

ಮೇಯಲೆಂದು ಸ್ಕಾಟ್ಲೆಂಡಿನಿಂದ ತಂದ ಜೂಲುದನ. ಕಣ್ಣು ಮುಚ್ಚುವಷ್ಟು ಮುಂಗೂದಲು, ಸೈಕಲ್ ಹ್ಯಾಂಡಲಿನಂತೆ ಅತ್ತಿತ್ತ ಚಾಚಿದ ಕೊಂಬು. ತನ್ನ ಹಿಂಭಾಗವನ್ನು ಲಾಮರ್ಟನ ಕಂಬಕ್ಕೆ ತಿಕ್ಕುತ್ತಿತ್ತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಮರವಿಲ್ಲದ ಆ ಬಯಲಿಗೆ ಬಂದಾಗಿನಿಂದ ಕೂಡಿಟ್ಟುಕೊಂಡಿದ್ದ ತುರಿಕೆಯನ್ನೆಲ್ಲ ಒಂದೇ ದಿನ ತೀರಿಸಿಕೊಳ್ಳುವಂತಿತ್ತು.

ಲಾಮರ್ಟ್ ಕೈ ಎತ್ತಿ ಎಲ್ಲರನ್ನೂ ತಡೆದ. "ಇಲ್ಲೇ ನಿಲ್ಲಿ. ಇಪ್ಪತ್ತೈದು ಮೀಟರ್."

"ಪಕ್ಕದಿಂದ ನಾಲ್ಕು ಹೆಜ್ಜೆ ಸುತ್ತಿ ಹೋಗೋಣ" ಎಂದ ಬೆರೆಂಡ್.

"ಹಾದಿ ಬಿಟ್ಟಾ? ಅಲ್ಲಿ ಬಾನಾಡಿ ಮೊಟ್ಟೆ ಇಟ್ಟಿರುತ್ತೆ ಕಣಪ್ಪಾ. ನಿನ್ನ ಆ ಬೂಟಿನ ಕೆಳಗೆ ಒಂದು ಸಂಸಾರವೇ ಅಪ್ಪಚ್ಚಿ."

"ಹಂಗಾದ್ರೆ ಹಸು ಪಕ್ಕದಲ್ಲೇ ಹೋಗೋಣ."

"ಇಪ್ಪತ್ತೈದು ಮೀಟರ್ ಅಂದ್ನಲ್ಲ."

"ಹಾದಿ ಬಿಡೋ ಹಾಗಿಲ್ಲ, ಹಾದೀಲಿ ಹೋಗೋ ಹಾಗೂ ಇಲ್ಲ. ಈ ಫಲಕ ಬರೆದ ಪುಣ್ಯಾತ್ಮ ಯಾರು?"

ಲಾಮರ್ಟ್ ಆಕಾಶದಲ್ಲಿ ಬಾನಾಡಿ ಹುಡುಕತೊಡಗಿದ.

"ನೀನೇ ಒಂದ್ಸಲ ಓಡಿಸಿ ನೋಡು" ಎಂದಳು ರೂಲಿ. ಲಾಮರ್ಟ್ ನಿಯಮಬದ್ಧ ದೂರದಿಂದ "ಹೋಯ್" ಎಂದ. ಹಸು ತಿಕ್ಕುವುದನ್ನು ನಿಲ್ಲಿಸಿ, ಮುಂಗೂದಲಿನ ಸಂದಿಯಿಂದ ಅವನನ್ನು ನೋಡಿ, ಇನ್ನೊಂದು ಪಕ್ಕೆ ಕೊಟ್ಟಿತು. ಒಂದು ಲೋಟ ಕಾಫಿ ಮುಗಿಯಿತು, ತಲೆಗೊಂದರಂತೆ ಬಿಸ್ಕತ್ತೂ ಮುಗಿಯಿತು. ತುರಿಕೆ ಮುಗಿಯಲಿಲ್ಲ.

"ಚಿಂತೆ ಬೇಡ. ಮರಳುದಿಬ್ಬದ ಮೇಲಿಂದ ಸುತ್ತಿ ಹೋಗೋಣ. ಮರಳಲ್ಲಿ ಎಲ್ಲಿ ಬೇಕಾದ್ರೂ ನಡೀಬಹುದು, ಗೂಡಿಲ್ಲ, ಫಲಕ ಇಲ್ಲ. ಈ ಬಯಲು ನನ್ನ ಅಂಗೈ ಇದ್ದ ಹಾಗೆ" ಎಂದ ಲಾಮರ್ಟ್.

ಮರಳಿನಲ್ಲಿ ವಾಕರ್‌ನ ಚಕ್ರ ಉರುಳುವುದಿಲ್ಲ ಎಂಬುದು ಅವನ ಅಂಗೈಯಲ್ಲಿ ಬರೆದಿರಲಿಲ್ಲ. ಮೊದಲ ದಿಬ್ಬದಲ್ಲೇ ಅದು ಗಿಡ ನೆಟ್ಟಂತೆ ನೆಟ್ಟುಕೊಂಡಿತು. ಅಲೀಡಾ ಅದರ ಸೀಟಿನ ಮೇಲೆ ಕೂತು, ಕೈಚೀಲ ಮಡಿಲಿಗಿಟ್ಟುಕೊಂಡು, "ಸರಿ, ಎತ್ತಿ" ಎಂದರು.

ಇಬ್ಬರು ಅಳಿಯಂದಿರು ಅತ್ತೆಯ ಅಡ್ಡಪಲ್ಲಕ್ಕಿ ಹೊತ್ತರು. ದಿಬ್ಬ ಹತ್ತುವಾಗ ಲಾಮರ್ಟನ ಮಂಡಿಗಳು ಪ್ರತ್ಯೇಕವಾಗಿ ಪ್ರಾರ್ಥನೆ ಮಾಡುತ್ತಿದ್ದವು. ಬೂಟಿನೊಳಗೆ ತುಂಬಿದ ಮರಳಿನಲ್ಲಿ ಒಂದು ಸಣ್ಣ ಮನೆ ಕಟ್ಟಬಹುದಿತ್ತು.

"ಹೋದ ವರ್ಷ ನಡುಮನೇಲಿ ಬೆಚ್ಚಗೆ ಕೂತಿದ್ವಿ" ಎಂದ ಬೆರೆಂಡ್ ಏದುಸಿರಿನಲ್ಲಿ.

"ಮಾತಾಡ್ಬೇಡ. ಅತ್ತೆ ವಾಲ್ತಾರೆ."

"ವಾಲಿದ್ರೆ ವಾಲ್ತೀನಿ, ಜಗಳ ಕೇಳೋಕೆ ಚೆನ್ನಾಗಿದೆ" ಎಂದರು ಪಲ್ಲಕ್ಕಿಯಿಂದ ಅತ್ತೆ. ಹಿಂದಿನಿಂದ ರೂಲಿ ಗಂಡನಿಗೊಂದು ಉಪ್ಪುಪ್ಪಾದ ಕಪ್ಪು ಮಿಠಾಯಿ ಕೊಟ್ಟಳು. ಕೈ ಖಾಲಿಯಿರಲಿಲ್ಲವಾದ್ದರಿಂದ ಕುದುರೆಗೆ ಕೊಟ್ಟಂತೆ ಬಾಯಿಗೇ ಇಟ್ಟಳು.

ಮರಳು ದಾಟಿ ಪೈನ್ ಕಾಡು ಹೊಕ್ಕು ಹೊರಬಂದಾಗ ಹೋಟೆಲ್ ಎದುರಿಗೇ ಇತ್ತು. ಬೇಲಿಯ ಆಚೆ ಹುಲ್ಲುಹಾಸು, ಮೇಜು, ಮೇಜಿನ ಸುತ್ತ ಕೈ ಬೀಸುವ ನೆಂಟರು, ಕರಿದ ಹಂದಿಮಾಂಸದ ಘಮ. ಒಂದು ಗಂಟೆಗೆ ಇನ್ನೂ ಸಮಯವಿತ್ತು. ಲಾಮರ್ಟನ ಎದೆ ಬಿಲ್ಲೆ ಕಿತ್ತು ಹಾರುವಷ್ಟು ಉಬ್ಬಿತು. "ಹೇಳಿರ್ಲಿಲ್ವಾ? ಇನ್ನು ಆ ಗೇಟು ದಾಟಿದ್ರೆ..."

ಗೇಟಿನ ಪಕ್ಕ ಅವನು ನೆಟ್ಟ ಎರಡನೆಯ ಕಂಬವಿತ್ತು. ಕಂಬಕ್ಕೆ ಎರಡನೆಯ ಹಸುವಿತ್ತು.

ಇದು ಮೊದಲನೆಯದಕ್ಕಿಂತ ದಪ್ಪ. ತುರಿಕೆಯೂ ಅದರ ಅಳತೆಗೆ ತಕ್ಕಂತೆ. ನಾಲ್ವರೂ ನಿಂತರು. ಬೆರೆಂಡ್ ಗಡಿಯಾರ ನೋಡಿಕೊಂಡ. ಅದು ಲಾಮರ್ಟನಿಗೆ ಚುಚ್ಚಿತು. ಈಗ ಅವನಿಗೆ ಹೊಳೆಯಿತು. ಬೋಳು ಬಯಲಿನಲ್ಲಿ, ಎಷ್ಟು ಒತ್ತಿದರೂ ಅಲ್ಲಾಡದ ಕಂಬ ಎರಡೇ ಎರಡು. ದನಗಳಿಂದ ದೂರವಿರಿ ಎಂಬ ಫಲಕ ಹೊತ್ತ ಕಂಬಕ್ಕಾಗಿಯೇ ದನಗಳು ಹಾದಿಗೆ ಬಂದಿದ್ದವು.

"ಅತ್ತೆ," ಎಂದ ಲಾಮರ್ಟ್. "ನಿಯಮ ಒಂದ್ಸಲ ಸ್ವಲ್ಪ ಸಡಿಲ ಮಾಡಿದ್ರೆ..."

"ಮಾಡ್ಕೂಡದು. ನನ್ನ ಅಳಿಯ ಮಾಡಿರೋ ನಿಯಮ ಅದು" ಎಂದು ಅಲೀಡಾ ವಾಕರ್‌ನ ಬ್ರೇಕ್ ಹಾಕಿ ಕೂತುಬಿಟ್ಟರು.

ಗಂಟೆ ಒಂದಾಯಿತು. ಕಾಯುತ್ತ ಸಾಲುನಿಂತಿದ್ದ ಸೈಕಲ್ ತಂಡವೊಂದಕ್ಕೆ ಮಾಣಿ ನೆಂಟರ ಮೇಜನ್ನು ಕೊಟ್ಟ. ಆಗ ಬೆರೆಂಡನ ಹೆಂಡತಿ ಯಾಂಟಿನಾ ತನ್ನ ಕುರ್ಚಿ ಎತ್ತಿಕೊಂಡು ಹುಲ್ಲುಹಾಸಿಗೆ ಬಂದಳು. ಹಸುವಿನಿಂದ ಅಂದಾಜು ದೂರ ನೋಡಿ, ಕುರ್ಚಿ ಇಟ್ಟು ಕೂತಳು. ಅವಳ ಪಕ್ಕಕ್ಕೆ ಚಿಕ್ಕಪ್ಪ, ಚಿಕ್ಕಪ್ಪನ ಪಕ್ಕಕ್ಕೆ ಸೋದರತ್ತೆ. ನೋಡನೋಡುತ್ತಿದ್ದಂತೆ ಬೇಲಿಯಾಚೆ ಕುರ್ಚಿಗಳು ಬಿಲ್ಲಿನಂತೆ ಬಾಗಿ ನಿಂತವು. ಬೇಲಿಯೀಚೆ ವಾಕರ್ ಮೇಲೆ ಅಲೀಡಾ, ಹಾದಿಯಂಚಿಗೆ ಕುಕ್ಕರಿಸಿದ ಮಗಳು, ಅಳಿಯಂದಿರು. ನಟ್ಟನಡುವೆ ಹಸು.

ಇಡೀ ಡ್ರೆಂಟೆಯ ಇತಿಹಾಸದಲ್ಲಿ ಅಷ್ಟು ದೊಡ್ಡ ಹುಟ್ಟುಹಬ್ಬದ ವೃತ್ತ ಕೂತದ್ದಿಲ್ಲ. "ಅಭಿನಂದನೆ ಅಲೀಡಾ" ಎಂದು ಆ ಕಡೆಯಿಂದ ಕೂಗಿದರು. ಅಭಿನಂದನೆ ಹಸುವನ್ನು ದಾಟಿಯೇ ಬರಬೇಕಿತ್ತು. ಅದು ತನಗೇ ಎಂದುಕೊಂಡು ಹಸು ತಲೆಯಾಡಿಸಿತು. ಚಿಕ್ಕಪ್ಪ ತನ್ನ ಸೊಂಟದ ಪುರಾಣವನ್ನು ಬೇಲಿಯಾಚೆಯಿಂದ ಕೂಗಿ ಕೂಗಿ ಹೇಳಿದ. ಎಂದೂ ಜೋರಾಗಿ ನಗದ ಅಲೀಡಾ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ನಕ್ಕರು.

ಎಲ್ಲರ ಮಾತೂ ಮುಗಿದ ಮೇಲೆ ಹಸು ಮೈ ಕೊಡವಿ, ಹೀದರ್ ಬಯಲಿಗೆ ಹೊರಟುಹೋಯಿತು. ಅಲೀಡಾ ವಾಕರ್ ತಳ್ಳುತ್ತ ಕಂಬದ ಬಳಿ ಬಂದು ನಿಂತರು. ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಿದರು. ಕದಲಲಿಲ್ಲ.

"ಲಾಮರ್ಟ್, ಬಾ ಇಲ್ಲಿ."

ಅವನು ಹೋದ. ಮುಂದಿನ ವರ್ಷ ಬೆರೆಂಡ್ ಎಂಬ ತೀರ್ಪು ಕೇಳಲು ತಲೆ ತಗ್ಗಿಸಿ ನಿಂತ.

"ಗಟ್ಟಿ ಕೆಲಸ. ನಾನು ನೋಡಿದ ಹುಟ್ಟುಹಬ್ಬದಲ್ಲೆಲ್ಲ ಇದೇ ಮೇಲು. ಮುಂದಿನ ವರ್ಷವೂ ನೀನೇ ಮಾಡು" ಎಂದರು ಅತ್ತೆ.

ಮೂವತ್ತು ವರ್ಷ ಕಾದ ಮಾತು. ಲಾಮರ್ಟನ ಬೆನ್ನು ತಾನಾಗಿ ನೆಟ್ಟಗಾಯಿತು. ಷಡ್ಡಕನ ಕಡೆ ಒಮ್ಮೆ ನೋಡೋಣವೆಂದು ಕತ್ತು ತಿರುಗಿಸುವಷ್ಟರಲ್ಲಿ ಅತ್ತೆ ಅವನ ತೋಳು ತಟ್ಟಿ, ಬಯಲಲ್ಲಿ ದೂರ ಸರಿಯುತ್ತಿದ್ದ ಹಸುವಿನ ಕಡೆ ಬೆರಳು ತೋರಿಸಿದರು.

"ಅವಳನ್ನೂ ಕರಿ. ಈ ಮನೆತನದಲ್ಲಿ ನೀನು ನಿಲ್ಲಿಸಿದ್ದನ್ನ ನಂಬಿ ಒರಗಿದವಳು ಅವಳೊಬ್ಬಳೇ."